ತಲಕಟ್ಟು ಬಿಚ್ಚಿದ್ಮೇಲೆ ಒತ್ತಕ್ಷರ ಕೂತ್ಕೊಂಡ್ತು

ಬಂತು! ಮೂರು ವಾರದಿಂದ ಸತಾಯಿಸ್ತಿದ್ದ ‘ಆಸ್ತಿ’ ಅನ್ನೋ ಪದ ಇವತ್ತು ನನ್ನ ಮಕ್ಕಳ ಉಕ್ತಲೇಖನದಲ್ಲಿ ಸರಿಯಾಗಿ ಬಂತು, ಅದೂ ಬಿಲ್ಲೆ ಮುಟ್ಟದೆ ಬರೀ ಪೆನ್ಸಿಲ್ಲಲ್ಲಿ. ಅಕ್ಷರದ ಬಿಲ್ಲೆ ಕತ್ತರಿಸಿ, ಮ್ಯಾಗ್ನೆಟ್ ಅಂಟಿಸಿ, ಅವನ್ನ ಜೋಡಿಸೋ ಆಟದಲ್ಲಿ ಮಕ್ಕಳಿಗೆ ಕಾಗುಣಿತ, ಒತ್ತಕ್ಷರ ಕಲಿಸ್ತೀನಿ.

ಮೂರನೇ ಕ್ಲಾಸಿನ ಮಕ್ಕಳು ಅಕ್ಕ, ಹಗ್ಗ, ಬೆಕ್ಕು, ಹತ್ತಿ ಎಲ್ಲಾ ತಪ್ಪಿಲ್ಲದೆ ಬರೀತಿದ್ರು, ನಾನೂ ಒತ್ತಕ್ಷರ ಮುಗೀತು ಅಂದ್ಕೊಂಡೆ. ‘ಆಸ್ತಿ’ ಅಂದೆ ನೋಡಿ, ಅರ್ಧ ಜನ ‘ಆತ್ಸಿ’ ಅಂತ ಬರೆದ್ರು. ‘ರಾತ್ರಿ’ ಹೋಗಿ ‘ರಾರ‍್ತಿ’ ಆಯ್ತು. ಗಮನ ಇಲ್ಲ ಅಂತ ಹತ್ತತ್ತು ಸಲ ಬರೆಸಿದೆ, ಉಪಯೋಗ ಆಗ್ಲಿಲ್ಲ. ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯ್ತು, ಮಕ್ಕಳ ಕಿವಿ ಸರಿಯಾಗೇ ಇದೆ. ಬಾಯಲ್ಲಿ ಕೊನೆಗೆ ಬರೋದು ‘ತಿ’, ಆದ್ರೆ ಬರೆಯುವಾಗ ಗುಡಿಸು, ಅಂದ್ರೆ ‘ಇ’ ಸ್ವರದ ಗುರುತು, ಹೋಗಿ ಕೂರೋದು ‘ಸ’ ಮೇಲೆ, ‘ತ’ ಪಾಪ ಕೆಳಗೆ ಪುಟ್ಟದಾಗಿ, ಗುರುತೇ ಸಿಗದ ಹಾಗೆ. ‘ಹತ್ತಿ’ಲಿ ಎರಡೂ ತಕಾರ ಆದ್ದರಿಂದ ಯಾವುದು ಮೇಲೆ ಹೋದ್ರೂ ಉತ್ತರ ಸರಿ. ಸಜಾತಿ ಒತ್ತುಗಳು, ಅಂದ್ರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು, ಈ ತಪ್ಪನ್ನ ಇಷ್ಟು ದಿನ ಮುಚ್ಚಿಟ್ಟಿದ್ವು!

ಇದನ್ನ ಬಿಲ್ಲೇಲಿ ತೋರಿಸೋಣ ಅಂತ ಹೊಸ ಸೆಟ್ ಪ್ರಿಂಟಿಗೆ ಕೊಟ್ಟೆ. ಪ್ರಿಂಟ್ ಮಾಡೋರು ನನ್ನ ಯುನಿಕೋಡ್ ಫೈಲನ್ನ ಯಾವುದೋ ಹಳೇ ಫಾಂಟಿಗೆ ಹಾಕಿ ಒತ್ತುಗಳನ್ನೆಲ್ಲ ಪಕ್ಕಕ್ಕೆ ಉದುರಿಸಿ ಕಳಿಸಿದ್ರು, ‘ಸ್ತಿ’ ಇರಬೇಕಾದ ಕಡೆ ‘ಸ್ ತಿ’. ಪಿಡಿಎಫ್ ಕಳಿಸ್ತೀನಿ ಅಂದ್ರೆ ಬೇಡ ಅಂದಿದ್ದೂ ಅವರೇ. ಸಿಟ್ಟು ಬಂದು ರಟ್ಟು ತಗೊಂಡು ಕೈಯಲ್ಲೇ ಬರೆಯೋಕೆ ಕೂತೆ, ಬರೀತಾ ಬರೀತಾನೇ ಹೊಳೀತು: ತಲಕಟ್ಟು, ಅಂದ್ರೆ ಅಕ್ಷರದ ತಲೆಮೇಲಿನ ಗೀಟು, ‘ಅ’ ಸ್ವರದ ಗುರುತು ತಾನೇ? ಗುಡಿಸು ಬಂದ್ರೆ ತಲಕಟ್ಟು ಹೋಗತ್ತೆ, ವ್ಯಂಜನ ‘ಸ್’ ಥರ ಅರ್ಧ ಆದ್ರೂ ಹೋಗತ್ತೆ. ಹಾಗಾದ್ರೆ ಅದನ್ನ ಅಕ್ಷರಕ್ಕೆ ಅಂಟಿಸಿ ಯಾಕೆ ಇಡಬೇಕು, ಅದಕ್ಕೂ ಒಂದು ಬೇರೆ ಬಿಲ್ಲೆ ಕೊಡೋಣ!

ಈಗ ಅಕ್ಷರದ ಮೈ ಒಂದು ಬಿಲ್ಲೆ, ತಲೆ ಇನ್ನೊಂದು. ಮೊದಲು ಕಿವಿಗೆ ಕೇಳಿಸಿದ ಹಾಗೇ ಸ್, ತಿ ಅಂತ ಅಕ್ಕಪಕ್ಕ ಜೋಡಿಸ್ತಾರೆ. ಆಮೇಲೆ ‘ಸ’ ತಲೆಮೇಲಿನ ಅರ್ಧದ ಗುರುತು ತೆಗೀಬೇಕು, ‘ತ’ ತಲೆಮೇಲಿನ ಗುಡಿಸು ಆ ಖಾಲಿ ಜಾಗಕ್ಕೆ ಬರತ್ತೆ, ತಲೆ ಕೊಟ್ಟ ‘ತ’ ಒತ್ತಾಗಿ ಕೆಳಗೆ ಇಳಿಯತ್ತೆ. ಎರಡನೇ ದಿನ ಒಬ್ಳು ಹುಡುಗಿ ತಾನೇ ಹೇಳಿದ್ಲು, “ಅಕ್ಕಾ, ಇದು ಟೋಪಿ ಕೊಟ್ಟು ಕೆಳಗೆ ಕೂತ್ಕೊಂಡ್ತು.” ಅವತ್ತಿಂದ ಎಲ್ಲರಿಗೂ ಅದು ಟೋಪಿ ಆಟ. ‘ಪುಸ್ತಕ’ಕ್ಕೂ ಅದೇ, ಅಲ್ಲಿ ಟೋಪಿ ತಲಕಟ್ಟು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಥರ ಕಾಣಲ್ಲ, ಅದಕ್ಕೆ ಅವುಗಳ ಬಿಲ್ಲೆ ಹಿಂದೆ ಒತ್ತಿನ ರೂಪ ಬರೆದಿದೀನಿ, ತಿರುಗಿಸಿದ್ರೆ ಸಾಕು.

‘ಕಷ್ಟ’ ಬರೆಯೋದೇ ಕಷ್ಟ ಆಯ್ತು. ‘ಟ’ಗೆ ತಲಕಟ್ಟೇ ಇಲ್ಲ, ಇನ್ನು ‘ಷ’ಗೆ ಏನು ಕೊಡತ್ತೆ? ಜ, ಬ, ಲ, ಣ ಇವೂ ಹಾಗೇ. ಇಂಥವಕ್ಕೆ ಒಂದು ಕಡೆ ಖಾಲಿ, ಇನ್ನೊಂದು ಕಡೆ ತಲಕಟ್ಟು ಇರೋ ಬಿಲ್ಲೆ ಮಾಡಿದೀನಿ, ಸದ್ಯಕ್ಕೆ ನಡೀತಿದೆ.

  

ಇನ್ನು ಅರ್ಕಾವತ್ತು, ಅಂದ್ರೆ ಅಕ್ಷರದ ಪಕ್ಕದಲ್ಲಿ ಬರೆಯೋ ‘ರ್’ ಗುರುತು, ಬಗೆಹರಿಸ್ಬೇಕು. ‘ಧರ್ಮ’ದಲ್ಲಿ ಮೊದಲು ಕೇಳ್ಸೋ ‘ರ್’ ಕೊನೆಗೆ ಹೋಗಿ ನಿಲ್ಲತ್ತೆ, ‘ಮ’ ತನ್ನ ಟೋಪಿ ಯಾರಿಗೂ ಕೊಡಲ್ಲ. ಮಕ್ಕಳು ಟೋಪಿ ನಿಯಮ ಹಾಕಿ ‘ಧರ‍್ಮ’ ಮಾಡ್ತಾರೆ, ‘ರ‍್ಯಾಲಿ’ಲಿ ನಾವೇ ಹಾಗೆ ಬರೆಯುವಾಗ ಅದನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ನಾಳೆ ‘ರ್’ಗೆ ಬೇರೆ ಬಣ್ಣದ ರಟ್ಟು ಕತ್ತರಿಸಿ ನೋಡ್ತೀನಿ.