ಸೈಂಧವ ಉಪ್ಪು ಎಷ್ಟು ತಿಂದರೂ ಏನೂ ಆಗಲ್ಲ ಅಲ್ವಾ ಮೇಡಂ?

ಆಗುತ್ತದೆ. ‘ಎಷ್ಟು ತಿಂದರೂ’ ಅನ್ನುವುದು ಯಾವ ಉಪ್ಪಿಗೂ ಹೊಂದುವ ಮಾತಲ್ಲ, ಗಣಿಯಿಂದ ಅಗೆದು ತೆಗೆಯುವ, ಅಂಗಡಿಯಲ್ಲಿ ಗುಲಾಬಿ ಉಪ್ಪು ಅಂತ ಸಿಗುವ ಸೈಂಧವಕ್ಕೂ ಅಲ್ಲ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಆಯುರ್ವೇದ ವೈದ್ಯೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ರಾತ್ರಿ ಹತ್ತಕ್ಕೆ ಫೋನಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಇದನ್ನೇ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಬಾಲದಲ್ಲಿರುವ ಆ ‘ಅಲ್ವಾ’ಗೆ. ಉತ್ತರ ಮೊದಲೇ ತೀರ್ಮಾನ ಆಗಿರುತ್ತದೆ. ನಾನು ತಲೆ ಆಡಿಸಿದರೆ ಸಾಕು, ಮನೆಗೆ ಹೋಗಿ ಡಾಕ್ಟರೇ ಹೇಳಿದ್ದಾರೆ ಅನ್ನಬಹುದು.

ಇದೆಲ್ಲ ಆಯುರ್ವೇದದಲ್ಲೇ ಇದೆ ಅನ್ನುತ್ತಾರಲ್ಲ, ಅಲ್ಲಿ ಏನಿದೆ ಅಂತ ಹೇಳುತ್ತೇನೆ ಕೇಳಿ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ, ವಿಮಾನಸ್ಥಾನ ಅನ್ನುವ ಭಾಗದ ಮೊದಲ ಅಧ್ಯಾಯದಲ್ಲಿ ಮೂರು ಪದಾರ್ಥ ಹೆಸರಿಸಿ, ಇವನ್ನು ಅತಿಯಾಗಿ ಬಳಸಬೇಡಿ ಅಂತ ಹೇಳಿದೆ. ಹಿಪ್ಪಲಿ, ಗಿಡಗಳ ಬೂದಿಯಿಂದ ತೆಗೆಯುವ ಕ್ಷಾರ, ಮೂರನೆಯದು ಉಪ್ಪು. ಉಪ್ಪು ಅತಿಯಾದರೆ ಮೈ ಸಡಿಲವಾಗುತ್ತದೆ, ಬಲ ಕುಂದುತ್ತದೆ, ಕೂದಲು ಬೇಗ ಉದುರಿ ನರೆಯುತ್ತದೆ, ಚರ್ಮ ಸುಕ್ಕಾಗುತ್ತದೆ ಅಂತ ಕಾರಣವನ್ನೂ ಕೊಟ್ಟಿದೆ. ಉಪ್ಪು ಹಿಡಿದ ನೆಲದಲ್ಲಿ ಗಿಡ ಹುಟ್ಟುವುದಿಲ್ಲ, ಹುಟ್ಟಿದರೂ ಸೊರಗುತ್ತದೆ ಅನ್ನುವ ಹೋಲಿಕೆಯೂ ಇದೆ. ಚೌಳು ನೆಲ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲಿಗೂ ಉಪ್ಪು ಹಾಕಿಕೊಳ್ಳುವಷ್ಟು ಉಪ್ಪಿನ ಆಸೆಯ ಜನ ಅಂತ ಅಲ್ಲಿ ಕೆಲವು ದೇಶದವರ ಹೆಸರೂ ಬರುತ್ತದೆ. ಅದರಲ್ಲಿ ಸಿಂಧೂ ದೇಶದವರೂ ಇದ್ದಾರೆ. ಸೈಂಧವ ಅನ್ನುವ ಹೆಸರು ಬಂದದ್ದೇ ಆ ಸಿಂಧುವಿನಿಂದ. ಅಂದರೆ ಅತಿ ಮಾಡಬೇಡಿ ಅನ್ನಲು ಚರಕ ಕೊಟ್ಟ ಉದಾಹರಣೆಯಲ್ಲೇ ಸೈಂಧವದ ತವರಿನವರು ಇದ್ದಾರೆ!

ಇನ್ನೊಂದು ಮಾತೂ ನಿಜ. ದಿನಾ ತಿನ್ನಬಹುದಾದ ಆಹಾರದ ಪಟ್ಟಿಯಲ್ಲಿ ಅಕ್ಕಿ, ಹೆಸರುಕಾಳು, ನೆಲ್ಲಿಕಾಯಿ, ಹಾಲು, ತುಪ್ಪ, ಜೇನಿನ ಜೊತೆ ಸೈಂಧವವೂ ಇದೆ. ಇದು ಅದೇ ಗ್ರಂಥದ ಸೂತ್ರಸ್ಥಾನ ಅನ್ನುವ ಭಾಗದ 5ನೇ ಅಧ್ಯಾಯ. ಎಲ್ಲರೂ ಈ ಪಟ್ಟಿಯನ್ನೇ ಹೇಳುತ್ತಾರೆ. ಅಧ್ಯಾಯ ಶುರುವಾಗುವುದು ‘ಮಾತ್ರಾಶೀ ಸ್ಯಾತ್’ ಅಂತ. ಅಳತೆಯಲ್ಲಿ ತಿನ್ನಬೇಕು ಅಂತ. ಅದನ್ನು ದಾಟಿಕೊಂಡು ಪಟ್ಟಿಗೆ ಬಂದವರು ಆ ಮೊದಲ ಸಾಲನ್ನು ಎಲ್ಲಿ ಬಿಟ್ಟು ಬಂದರು?

ಮೂರು ವರ್ಷದ ಹಿಂದೆ ಸೋದರಮಾವನ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಗುಲಾಬಿ ಬಣ್ಣದ ಉಪ್ಪಿನ ಬಾಟಲಿ ಇತ್ತು. ಮಾವ ಅದನ್ನು ಸಾರಿಗೆ ಹಾಕಿಕೊಂಡರು, ಪಲ್ಯಕ್ಕೆ ಹಾಕಿಕೊಂಡರು, ಸೌತೆಕಾಯಿಗೆ, ಕೊನೆಗೆ ಮೊಸರನ್ನಕ್ಕೂ. ಅಡುಗೆಗೆ ಹಾಕಿದ್ದು ಬೇರೆ. ಇಷ್ಟೊಂದು ಯಾಕೆ ಮಾವ ಅಂದೆ.

“ಇದು ಉಪ್ಪಲ್ಲ ಕಣೇ, ಔಷಧಿ. ನೀನೇ ಹೇಳಿದ್ದಲ್ವಾ?”

ಹೇಳಿದ್ದೆ. ಯಾವುದೋ ಹಬ್ಬದ ದಿನ, ಉಪ್ಪುಗಳಲ್ಲಿ ಸೈಂಧವ ಶ್ರೇಷ್ಠ ಅಂದಿದ್ದೆ. ಅವರ ಕಿವಿಗೆ ‘ಶ್ರೇಷ್ಠ’ ಮಾತ್ರ ಬಿದ್ದಿತ್ತು. ಅವತ್ತು ಅವರ ಕಾಲು ನೋಡಿದೆ. ಬಾತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು. ಬಿಪಿ 170/100. ಉಪ್ಪು ಬದಲಾಯಿಸಿದ ಮೇಲೆ ಬಿಪಿ ಮಾತ್ರೆ ಅಷ್ಟೊಂದು ಬೇಡ ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದರಂತೆ. ಆಗಿಂದಾಗಲೇ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನಗೆ ಸಂಕಟ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಊತ ಇರುವವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಬಿಡಿಸಬೇಕು ಅಂತಲೂ ಅದೇ ಶಾಸ್ತ್ರ ಹೇಳುತ್ತದೆ. ಆ ಇನ್ನರ್ಧವನ್ನು ನಾನು ಹಬ್ಬದ ಊಟದಲ್ಲಿ ಹೇಳಿರಲಿಲ್ಲ. ಈಗ ಯಾರು ಕೇಳಿದರೂ ಎರಡನ್ನೂ ಹೇಳಿಯೇ ಏಳುತ್ತೇನೆ.

ಗುಲಾಬಿ ಉಪ್ಪಿನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಪಾಲು ಸೋಡಿಯಂ ಕ್ಲೋರೈಡೇ. ಬಿಳಿ ಉಪ್ಪಿನಲ್ಲೂ ಅದೇ. ಗುಲಾಬಿ ಬಣ್ಣ ಕಬ್ಬಿಣದ ಅಂಶದ್ದು. ಉಳಿದ ಖನಿಜಗಳು ನಾವು ತಿನ್ನುವ ಚಿಟಿಕೆಯಲ್ಲಿ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಬೇಳೆ, ಸೊಪ್ಪಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಅಯೋಡಿನ್ ವಿಷಯವೂ ಇದೆ. ಸೈಂಧವದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ತಡೆಯಲು ನಮ್ಮ ದೇಶ 1962ರಲ್ಲೇ ಅಯೋಡಿನ್ ಸೇರಿಸಿದ ಉಪ್ಪಿನ ಕಾರ್ಯಕ್ರಮ ಶುರು ಮಾಡಿತು. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಅಯೋಡಿನ್ ಬೇಕು. ಬಸುರಿ ಇರುವ ಮನೆಯವರು ಅಯೋಡಿನ್ ಉಪ್ಪನ್ನು ಪೂರ್ತಿ ಬಿಟ್ಟು ಸೈಂಧವಕ್ಕೆ ಬಂದಿದ್ದೇವೆ ಅಂತ ಹೆಮ್ಮೆಯಿಂದ ಹೇಳಿದಾಗ ನನಗೆ ನಿಜವಾಗಲೂ ಹೆದರಿಕೆ ಆಗುತ್ತದೆ. ಅಂದಹಾಗೆ ನಾವು ಕಲ್ಲುಪ್ಪು ಅನ್ನುವುದು ಸೈಂಧವ ಅಲ್ಲ. ಅದು ಸಮುದ್ರದ ನೀರು ಒಣಗಿಸಿ ತೆಗೆದ ಹರಳುಪ್ಪು.

ಹಾಗಂತ ನನಗೆ ಸೈಂಧವದ ಮೇಲೆ ಹಗೆ ಇಲ್ಲ. ಗುದದ್ವಾರದಿಂದ ಔಷಧಿ ಕೊಡುವ ಬಸ್ತಿ ಚಿಕಿತ್ಸೆಗೆ ಕಷಾಯ ಕೂಡಿಸುವಾಗ ನಾವು ಮೊದಲು ಕಲಸುವುದೇ ಜೇನು ಮತ್ತು ಸೈಂಧವವನ್ನು, ಆಮೇಲೆ ಎಣ್ಣೆ. ಬಾಯಿ ರುಚಿ ಕೆಟ್ಟಾಗ ಊಟಕ್ಕೆ ಮುಂಚೆ ಒಂದು ಚೂರು ಹಸಿಶುಂಠಿಗೆ ಒಂದು ಹರಳು ಸೈಂಧವ ತಾಗಿಸಿ ತಿಂದರೆ ಜೊಲ್ಲು ಊರಿ ಹಸಿವಾಗುತ್ತದೆ. ಒಂದು ಹರಳು ಸಾಕು. ಆದರೆ ಗ್ಯಾಸ್ ಅಂತ ದಿನಾ ಭಾಸ್ಕರ ಲವಣ ಚೂರ್ಣ ತಿನ್ನುವ ಬಿಪಿಯವರೇ, ಅದರ ಹೆಸರಲ್ಲೇ ಉಪ್ಪಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅವತ್ತು ಡಾಕ್ಟರ ಹತ್ತಿರದಿಂದ ವಾಪಸು ಬಂದ ಮೇಲೆ ಅತ್ತೆ ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು. “ಇವರಿಗೆ ಉಪ್ಪು ಕಡಿಮೆಯಾದರೆ ತುತ್ತು ಇಳಿಯಲ್ಲ. ನಾನು ಹೇಗೆ ಮಾಡಿ ಬಡಿಸಲಿ?”

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಯಾವ ಉಪ್ಪು ಅಂತ ಕೇಳುವ ನೂರು ಜನರಲ್ಲಿ ಒಬ್ಬರಾದರೂ ಹೀಗೆ ಕೇಳಬಾರದೇ ಅನಿಸುತ್ತದೆ. ಒಂದು ಗಂಟೆ ಕೂತು ಮಾತಾಡಿದೆವು. ಬಾಟಲಿ ಮೇಜಿನಿಂದ ಒಳಗೆ ಹೋಗಲಿ. ಉಪ್ಪನ್ನು ಒಮ್ಮೆಲೇ ಇಳಿಸಬೇಡಿ, ವಾರ ವಾರ ಸ್ವಲ್ಪ ಸ್ವಲ್ಪ. ನಾಲಿಗೆ ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ. ಸಾರು ಇಳಿಸಿದ ಮೇಲೆ ನಿಂಬೆ ಹಿಂಡಿ, ಇಂಗು ಜೀರಿಗೆ ಒಗ್ಗರಣೆ ಜೋರಾಗಿರಲಿ, ಮೆಣಸು ಕುಟ್ಟಿ ಹಾಕಿ. ಮಜ್ಜಿಗೆಗೆ ಶುಂಠಿ, ಕರಿಬೇವು, ಕೊತ್ತಂಬರಿ ಜಜ್ಜಿ ಹಾಕಿ ಉಪ್ಪು ಬಿಟ್ಟುಬಿಡಿ. ಉಪ್ಪಿನಕಾಯಿ ಭಾನುವಾರ ಒಂದೇ ಹೋಳು. ‘ಲೋ ಸೋಡಿಯಂ’ ಅಂತ ಬರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ವಾಂತಿ ಭೇದಿ ಆದಾಗ ಮಾತ್ರ ಉಪ್ಪಿಗೆ ಹೆದರಿ ಕೂರಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಅಳತೆ ಸರಿಯಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಡಿ, ಅದು ಜೀವ ಉಳಿಸುತ್ತದೆ.

ಅತ್ತೆ ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಎರಡು ತಿಂಗಳು ಕಳೆದು ಫೋನ್ ಮಾಡಿದ್ದರು. ಮಾವ ದಿನಾ ಮಾತ್ರೆ ನುಂಗುತ್ತಿದ್ದಾರಂತೆ, ಊತ ಇಳಿದಿದೆಯಂತೆ. ಹಿಂದಿನ ದಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಸಾಂಬಾರ್ ಬಟ್ಟಲು ಪಕ್ಕಕ್ಕೆ ಸರಿಸಿ, ಏನಿದು ಇಷ್ಟೊಂದು ಉಪ್ಪು ಅಂದರಂತೆ.