ಫಿಸಿಯೋಥೆರಪಿಯಿಂದ ಆರ್ಕಿಟೆಕ್ಚರ್‌ಗೆ: ಪೋರ್ಟ್‌ಫೋಲಿಯೊ ಎಲ್ಲಿಗೆ ಬಂತು

ನಾನು ಫಿಸಿಯೋಥೆರಪಿಸ್ಟ್, ಆರ್ಕಿಟೆಕ್ಚರ್‌ನಲ್ಲಿ ಮಾಸ್ಟರ್ಸ್ ಮಾಡಲು ಅರ್ಜಿ ಹಾಕುತ್ತಿದ್ದೇನೆ. ಹೋದ ಸಲ ಬರೆದಾಗ ಕಾಲೇಜುಗಳ ಪಟ್ಟಿ ಮಾಡುವುದರಲ್ಲೇ ಇದ್ದೆ. ಈಗ ಪಟ್ಟಿ ಮುಗಿದಿದೆ. ಶಿಫಾರಸು ಪತ್ರ ಕೊಡಲು ಒಪ್ಪಿದವರಿಗೆ ವಿವರ ಕಳಿಸಿದ್ದಾಯಿತು. ಅರ್ಜಿಯ ಜೊತೆ ನಮ್ಮ ಕೆಲಸ ತೋರಿಸಲು ಕಳಿಸುವ ಪೋರ್ಟ್‌ಫೋಲಿಯೊ ಅರ್ಧ ದಾರಿಗೆ ಬಂದಿದೆ. ಈ ಸಲ ಜಾಸ್ತಿ ಹೇಳಬೇಕಿರುವುದು ಅದರ ಬಗ್ಗೆಯೇ. ಅದಕ್ಕೂ ಮೊದಲು, ನನ್ನ ಹಾಗೆ ಬೇರೆ ಕೆಲಸದಿಂದ ಬರುವವರೆಲ್ಲ ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ.

ಬೇರೆ ಡಿಗ್ರಿ ಇದ್ದವರು ನೇರವಾಗಿ ಆರ್ಕಿಟೆಕ್ಚರ್‌ನಲ್ಲಿ ಮಾಸ್ಟರ್ಸ್ ಮಾಡಬಹುದಾ? ಅದು ದೇಶದ ಮೇಲೆ ಹೋಗುತ್ತದೆ. ಭಾರತದಲ್ಲಿ ಎಂ.ಆರ್ಕ್ ಸೇರಲು ಬಿ.ಆರ್ಕ್ ಬೇಕು, ಅದು ಐದು ವರ್ಷದ ಓದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ಆರ್ಕಿಟೆಕ್ಟ್ ಎಂದು ಹೇಳಿಕೊಂಡು ಕೆಲಸ ಮಾಡುವಂತಿಲ್ಲ. ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿನ ಎಷ್ಟೋ ಯೂನಿವರ್ಸಿಟಿಗಳಲ್ಲಿ ಎಂ.ಆರ್ಕ್‌ಗೆ ಎರಡು ಬಾಗಿಲು. ಡಿಸೈನ್ ಓದಿ ಬಂದವರಿಗೆ ಸುಮಾರು ಎರಡು ವರ್ಷ. ನನ್ನಂಥವರಿಗೆ ಮೂರು ಅಥವಾ ಮೂರೂವರೆ. ಆ ಕೋರ್ಸಿಗೆ ಎನ್‌ಎಎಬಿ (ಅಲ್ಲಿ ಆರ್ಕಿಟೆಕ್ಚರ್ ಡಿಗ್ರಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ಎಂಬುದನ್ನು ಮೊದಲು ನೋಡಿ. ಮುಂದೆ ಲೈಸೆನ್ಸ್ ಪಡೆಯುವಾಗ ಅಲ್ಲಿನ ಹೆಚ್ಚಿನ ರಾಜ್ಯಗಳು ಕೇಳುವುದು ಅದನ್ನೇ.

ಅಮೆರಿಕದ ಲೈಸೆನ್ಸ್ ಎಂದರೆ ಡಿಗ್ರಿ ಮೇಲೆ ಇನ್ನೂ ಎರಡು ಮೆಟ್ಟಿಲು: 3,740 ಗಂಟೆಗಳ ದಾಖಲಾದ ಕೆಲಸದ ಅನುಭವ, ಆರು ಭಾಗಗಳ ಪರೀಕ್ಷೆ. ಆ ಗಂಟೆಗಳ ಹಂಚಿಕೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಪ್ಲಾನಿಂಗ್ ಮತ್ತು ಡಿಸೈನ್‌ಗೆ 1,080 ಗಂಟೆ. ಅದನ್ನು ಕಟ್ಟುವ ಮಟ್ಟಕ್ಕೆ ಬೆಳೆಸಿ, ಡ್ರಾಯಿಂಗು, ವಿವರಗಳಲ್ಲಿ ದಾಖಲಿಸುವುದಕ್ಕೆ 1,520 ಗಂಟೆ. ಅಂದರೆ ಒಂದು ಗೋಡೆ ಹೇಗಿರಬೇಕು ಎಂದು ಯೋಚಿಸುವುದಕ್ಕಿಂತ, ಆ ಗೋಡೆಯನ್ನು ಇನ್ನೊಬ್ಬರು ಸರಿಯಾಗಿ ಕಟ್ಟುವಂತೆ ಹೇಳುವುದಕ್ಕೇ ಜಾಸ್ತಿ ಹೊತ್ತು. ಇದು ತಿಳಿದ ಮೇಲೆ ನನಗೆ ಈ ಕೆಲಸದ ಮೇಲೆ ಆಸೆ ಇನ್ನೂ ಹೆಚ್ಚಾಯಿತು. ರೋಗಿಗೆ ವ್ಯಾಯಾಮ ಹೇಳಿಕೊಡುವಾಗಲೂ ಹಾಗೇ ಅಲ್ವಾ. ಯಾವ ವ್ಯಾಯಾಮ ಎಂಬುದು ಬೇಗ ಗೊತ್ತಾಗುತ್ತದೆ. ಮನೆಗೆ ಹೋಗಿ ಅವರೇ ಸರಿಯಾಗಿ ಮಾಡುವಂತೆ ತಿಳಿಸುವುದೇ ದೊಡ್ಡ ಕೆಲಸ.

ಈಗ ಪೋರ್ಟ್‌ಫೋಲಿಯೊ. ಮೂರು ವರ್ಷದ ಕೋರ್ಸಿಗೆ ಅರ್ಜಿ ಹಾಕುವವರ ಹತ್ತಿರ ಕಟ್ಟಡದ ಡಿಸೈನ್ ಇರಲೇಬೇಕು ಎಂದು ಕಾಲೇಜಿನವರು ಬಯಸುವುದಿಲ್ಲ. ಚಿತ್ರ, ಫೋಟೊ, ಮರಗೆಲಸ, ಹೊಲಿಗೆ, ಏನಾದರೂ ಆಗಬಹುದು. ನೀವು ಹೇಗೆ ನೋಡುತ್ತೀರಿ, ಹೇಗೆ ಯೋಚಿಸುತ್ತೀರಿ ಎಂಬುದು ಕಾಣಬೇಕು. ನಾನು ಆರಿಸಿಕೊಂಡಿದ್ದು ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಮೆಟ್ಟಿಲು.

ಮಂಡಿ ಆಪರೇಷನ್ ಆದವರಿಗೆ ನಾವು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು: ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿರುವ ಕಾಲು ಮುಂದೆ. ಈ ಪಾಠವನ್ನು ವರ್ಷಗಟ್ಟಲೆ ಅದೇ ಮೆಟ್ಟಿಲ ಮೇಲೆ ಹೇಳಿಕೊಟ್ಟಿದ್ದೇನೆ. ತುದಿಯ ಮೆಟ್ಟಿಲಿಗೆ ಬಂದಾಗ ಬಹಳ ಜನ ತಡವರಿಸುತ್ತಾರೆ. ಟೇಪ್ ಹಿಡಿದು ಅಳೆದಾಗ ಕಾರಣ ಸಿಕ್ಕಿತು. ಉಳಿದೆಲ್ಲ ಮೆಟ್ಟಿಲುಗಳ ಎತ್ತರ 165 ಮಿಲಿಮೀಟರ್, ಕಾಲಿಡುವ ಅಗಲ 290. ಕೊನೆಯದರ ಎತ್ತರ ಮಾತ್ರ 190. ಮೇಲಿನ ಕಾರಿಡಾರಿಗೆ ಆಮೇಲೆ ಟೈಲ್ಸ್ ಹಾಕಿದ್ದಾರೆ. ಸಿಮೆಂಟು, ಟೈಲ್ಸ್ ಎರಡೂ ಸೇರಿ ನೆಲ ಮೇಲೆ ಬಂದಿದೆ, ಮೆಟ್ಟಿಲು ಮಾತ್ರ ಇದ್ದಲ್ಲೇ ಉಳಿದಿದೆ. ನಮ್ಮ ಕಾಲು ಮೊದಲ ಎರಡು ಮೂರು ಮೆಟ್ಟಿಲಲ್ಲೇ ಎತ್ತರ ಕಲಿತುಬಿಡುತ್ತದೆ. ಆಮೇಲೆ ಕಣ್ಣು ಕೆಳಗೆ ನೋಡುವುದೇ ಕಡಿಮೆ. ಅದಕ್ಕೇ 25 ಮಿಲಿಮೀಟರ್ ವ್ಯತ್ಯಾಸವೂ ಎಡವಿಸುತ್ತದೆ.

ಮೆಟ್ಟಿಲಿನ ಅಳತೆಗೆ ಒಂದು ಹಳೆಯ ಲೆಕ್ಕವಿದೆ. 17ನೇ ಶತಮಾನದ ಫ್ರೆಂಚ್ ಆರ್ಕಿಟೆಕ್ಟ್ ಫ್ರಾಂಸ್ವಾ ಬ್ಲಾಂಡೆಲ್ ಅದನ್ನು ಮನುಷ್ಯನ ಹೆಜ್ಜೆಯಿಂದ ತೆಗೆದ. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿದರೆ ಒಂದು ಹೆಜ್ಜೆಯ ಉದ್ದ ಬರಬೇಕು. ಇವತ್ತಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 600ರಿಂದ 640 ಮಿಲಿಮೀಟರ್. ನಮ್ಮ ಮೆಟ್ಟಿಲು 620 ಬರುತ್ತದೆ. ಅಂದರೆ ಕಟ್ಟಿದವರು ಸರಿಯಾಗಿಯೇ ಕಟ್ಟಿದ್ದರು. ಇದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಇದನ್ನೆಲ್ಲ ಒಂದೇ ಸೆಕ್ಷನ್‌ನಲ್ಲಿ ತೋರಿಸುತ್ತಿದ್ದೇನೆ, 1:20 ಸ್ಕೇಲಿನಲ್ಲಿ, ಅಂದರೆ ನಿಜದ ಅಳತೆಯ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ. ಸೆಕ್ಷನ್ ಎಂದರೆ ಕಟ್ಟಡವನ್ನು ನೆಟ್ಟಗೆ ಕೊಯ್ದು ಪಕ್ಕದಿಂದ ನೋಡುವ ಚಿತ್ರ. ಕೊಯ್ದ ಭಾಗದ ಗೆರೆ ದಪ್ಪ, ಹಿಂದೆ ಕಾಣುವುದರ ಗೆರೆ ತೆಳು. ಮೊದಲು ಪೆನ್ಸಿಲ್, ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಇಂಕ್. ಮೆಟ್ಟಿಲ ಮೇಲೆ ಒಬ್ಬ ಹೆಂಗಸನ್ನು ಬರೆದಿದ್ದೇನೆ. ಗಟ್ಟಿ ಕಾಲು ಮೇಲಿದೆ, ಭಾರ ಮುಂದಕ್ಕೆ ವಾಲಿದೆ, ಕೈ ರೇಲಿಂಗ್ ಮೇಲಿದೆ. ಆಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರೇಲಿಂಗ್ ಕೊನೆಯ ಮೆಟ್ಟಿಲ ಅಂಚಿಗೇ ನಿಂತುಬಿಡುತ್ತದೆ. ಹೆಚ್ಚು ಆಧಾರ ಬೇಕಾದ ಗಳಿಗೆಯಲ್ಲೇ ಕೈಗೆ ಏನೂ ಸಿಗುವುದಿಲ್ಲ. ಮೇಲ್ತುದಿಯಲ್ಲಿ ಅದು ಸುಮಾರು 300 ಮಿಲಿಮೀಟರ್ ಮುಂದಕ್ಕೆ ಹೋಗಬೇಕು. ನನ್ನ ಡ್ರಾಯಿಂಗಿನಲ್ಲಿ ಆ ಉದ್ದವನ್ನು ಕೆಂಪು ಇಂಕಿನಲ್ಲಿ ತೋರಿಸಿದ್ದೇನೆ. ಇಡೀ ಹಾಳೆಯಲ್ಲಿ ಕೆಂಪು ಇರುವುದು ಅದೊಂದೇ.

ಜನರಿಲ್ಲದ ಸೆಕ್ಷನ್ ನನಗೆ ಇಷ್ಟವಾಗುವುದಿಲ್ಲ. ಸುಮ್ನೆ ಅಳತೆಗೆ ಅಂತ ಒಂದು ಕಪ್ಪು ಆಕೃತಿ ನಿಲ್ಲಿಸುವುದೂ ಸಾಲದು. ಆ ಜಾಗದಲ್ಲಿ ಆ ಮೈ ಏನು ಮಾಡುತ್ತಿದೆ ಎಂದು ಕಾಣಬೇಕು. ಇಷ್ಟು ವರ್ಷ ನೋಡಿದ ನಡಿಗೆಗಳು, ಹಿಡಿದ ಮೊಣಕೈಗಳು ಇಲ್ಲಿ ಕೆಲಸಕ್ಕೆ ಬರುತ್ತಿವೆ. ಕೆಲಸ ಬದಲಿಸುವುದು ಅಂದರೆ ಹಳೆಯದನ್ನು ಕೆಳಗಿಟ್ಟು ಬರುವುದು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ.

ಇದಕ್ಕೆ ನನಗೆ ಧೈರ್ಯ ಕೊಟ್ಟ ಕಟ್ಟಡ ಫಿನ್ಲೆಂಡಿನ ಪೈಮಿಯೊ ಸ್ಯಾನಟೋರಿಯಂ. ಅಲ್ಲಿನ ಆರ್ಕಿಟೆಕ್ಟ್ ಆಲ್ವಾರ್ ಆಲ್ಟೊ ವಿನ್ಯಾಸ ಮಾಡಿದ್ದು, 1933ರಲ್ಲಿ ಶುರುವಾಯಿತು. ಕ್ಷಯ ರೋಗಿಗಳ ಆಸ್ಪತ್ರೆ. ಔಷಧಿ ಇಲ್ಲದ ಕಾಲ, ಬಿಸಿಲು, ಗಾಳಿ, ವಿಶ್ರಾಂತಿಯೇ ಚಿಕಿತ್ಸೆ. ದಿನವಿಡೀ ಮಲಗಿರುವವನ ಕಣ್ಣಿಂದ ಆತ ಕೋಣೆ ನೋಡಿದ್ದಾನೆ. ಮಲಗಿದವರಿಗೆ ಸದಾ ಕಾಣುವುದು ಚಾವಣಿ, ಆದ್ದರಿಂದ ಅದಕ್ಕೆ ಕಣ್ಣಿಗೆ ಹಿತವಾದ ಗಾಢ ಬಣ್ಣ. ದೀಪ ನೇರ ಕಣ್ಣಿಗೆ ಹೊಡೆಯದ ಜಾಗದಲ್ಲಿದೆ. ಪಕ್ಕದ ಹಾಸಿಗೆಯವರ ನಿದ್ದೆ ಕೆಡಬಾರದು ಎಂದು, ನೀರು ಸದ್ದಿಲ್ಲದೆ ಬೀಳುವ ಹಾಗೆ ವಾಶ್‌ಬೇಸಿನ್ನಿಗೆ ಓರೆ ಕೊಟ್ಟಿದ್ದಾನೆ. ಅಲ್ಲಿಗಾಗಿ ಮಾಡಿದ ಬಾಗಿದ ಮರದ ಕುರ್ಚಿಯ ಬೆನ್ನಿನ ಓರೆ ಕೂಡ ಉಸಿರಾಟ ಸುಲಭವಾಗಲಿ ಎಂದೇ. ನಾನು ಆ ಕೋಣೆಯ ಪ್ಲಾನ್ ನೋಡಿ ನೋಡಿ ಮತ್ತೆ ಬರೆದಿದ್ದೇನೆ. ಪೋರ್ಟ್‌ಫೋಲಿಯೊದಲ್ಲಿ ಅದನ್ನು ಹಾಕುವುದಿಲ್ಲ, ಅದು ನನ್ನ ಕೆಲಸವಲ್ಲ. ಅರ್ಜಿಯ ಜೊತೆ ನನ್ನ ಬಗ್ಗೆ ಬರೆದುಕೊಡುವ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಒಂದು ಪ್ಯಾರಾ ಇದೆ.

ಉಳಿದದ್ದು ಬೇಗ ಹೇಳುತ್ತೇನೆ. ಮೆಟ್ಟಿಲಿನ ಮಾಡೆಲ್ ಗ್ರೇ ಬೋರ್ಡಿನಲ್ಲಿ ಮುಗಿದಿದೆ. ಒಂದೇ ಸಲ ಒತ್ತಿ ಕತ್ತರಿಸದೆ, ಹಗುರವಾಗಿ ನಾಲ್ಕಾರು ಸಲ ಬ್ಲೇಡ್ ಎಳೆದರೆ ಅಂಚು ನೆಟ್ಟಗೆ ಬರುತ್ತದೆ. ಬ್ಲೇಡ್ ಬೇಗ ಬೇಗ ಬದಲಿಸಿ, ಅದರಲ್ಲಿ ಉಳಿತಾಯ ಬೇಡ. ಕೆಲವು ಕಾಲೇಜುಗಳು ಕ್ಯಾಲ್ಕುಲಸ್, ಫಿಸಿಕ್ಸ್ ಓದಿರಬೇಕು ಎನ್ನುತ್ತವೆ, ಆನ್‌ಲೈನ್‌ನಲ್ಲಿ ಕ್ಯಾಲ್ಕುಲಸ್ ಕ್ಲಾಸು ನಡೆದಿದೆ. ಕಂಪ್ಯೂಟರಿನಲ್ಲಿ 3ಡಿ ಮಾಡೆಲ್ ಮಾಡುವ ರೈನೊ ಸಾಫ್ಟ್‌ವೇರ್ ಕಲಿಯಲು ಶುರುಮಾಡಿದ್ದೇನೆ, ಆದರೆ ಅರ್ಜಿಗಾಗಿ ಹೊಳೆಯುವ ಕಂಪ್ಯೂಟರ್ ಚಿತ್ರಗಳನ್ನು (ರೆಂಡರಿಂಗ್) ಮಾಡುವುದಿಲ್ಲ. ಕೈಯಲ್ಲಿ ಬರೆದ ಪ್ರಯತ್ನದ ಹಾಳೆಗಳೇ ಹೆಚ್ಚು ಮಾತಾಡುತ್ತವೆ. ಕೆಲಸ ನೋಡಿದ ಆರ್ಕಿಟೆಕ್ಟ್ ಗೆಳತಿಯೂ ಅದನ್ನೇ ಹೇಳಿದಳು: "ಕೊನೆಯ ಡ್ರಾಯಿಂಗ್ ಪಕ್ಕದಲ್ಲಿ ಅಳತೆ ಬರೆದುಕೊಂಡ ಚೀಟಿಯನ್ನೂ ಹಾಕೇ." ಹಾಕಿದ್ದೇನೆ, ಬೆವರಿನ ಕಲೆ ಸಮೇತ.

ಮುಂದಿನದು ಎರಡನೇ ಪ್ರಾಜೆಕ್ಟ್, ರೋಗಿಗಳ ಬಾತ್‌ರೂಮು. ಗಾಲಿಕುರ್ಚಿ ತಿರುಗಲು 1,500 ಮಿಲಿಮೀಟರ್ ಅಗಲದ ವೃತ್ತ ಬೇಕು, ಅದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿಯಾಗಿದೆ. ಈಗ ತಲೆ ಕೆಡಿಸಿರುವುದು ಬಾಗಿಲು. ಒಳಕ್ಕೆ ತೆರೆದರೆ, ಒಳಗೆ ಬಿದ್ದವರ ಮೈಯೇ ಅಡ್ಡವಾಗಿ ಹೊರಗಿನವರು ತೆಗೆಯಲಾಗುವುದಿಲ್ಲ. ಹೊರಕ್ಕೆ ತೆರೆದರೆ ಕಾರಿಡಾರಿನಲ್ಲಿ ವಾಕರ್ ಹಿಡಿದು ಬರುವವರಿಗೆ ತಾಗುತ್ತದೆ. ಜಾರುಬಾಗಿಲಾದರೆ ಪಕ್ಕದ ಗೋಡೆಯಲ್ಲಿ ಜಾಗ ಬೇಕು, ಅಲ್ಲಿ ಈಗ ನೀರಿನ ಪೈಪು ಇದೆ. ಮೂರನ್ನೂ ಒಂದೇ ಸ್ಕೇಲಿನಲ್ಲಿ ಅಕ್ಕಪಕ್ಕ ಬರೆಯುತ್ತೇನೆ. ನನ್ನ ಒಲವು ಜಾರುಬಾಗಿಲಿನ ಕಡೆಗಿದೆ. ಪೈಪನ್ನು ಎತ್ತ ಕಡೆ ಸರಿಸಬಹುದು ಎಂದು ಪ್ಲಂಬರ್ ಹತ್ತಿರ ಕೇಳಿ ಬಂದ ಮೇಲೆ ಪ್ಲಾನ್ ಶುರು.