ಕಪ್ಪಿನೊಳಗಿನ ಚುಕ್ಕಿಗಳು

ಕಳೆದ ವಾರ ಸುರಿಯೋ ಮಳೆಯಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಸಕಲೇಶಪುರದ ಕಡೆಯವನು, ಮನೆಯಲ್ಲಿ ಕಾಫಿ ತೋಟ ಇದೆಯಂತೆ. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ರಟ್ಟಿನ ಕೊಳವೆ. "ಅಣ್ಣಾ, ಒಳ್ಳೆ ಫ್ರೇಮ್ ಹಾಕಿಕೊಡಿ. ಬ್ಯಾಂಕ್ಸಿದು, ಒರಿಜಿನಲ್" ಅಂದ. ಆನ್‌ಲೈನ್‌ನಲ್ಲಿ 38 ಸಾವಿರ ಕೊಟ್ಟು ತರಿಸಿದ್ದನಂತೆ. ಬ್ಯಾಂಕ್ಸಿ ಅಂದರೆ ತಾನು ಯಾರಂತ ಹೇಳಿಕೊಳ್ಳದೆ ಬೀದಿ ಗೋಡೆಗಳ ಮೇಲೆ ಚಿತ್ರ ಬಿಡಿಸೋ ಇಂಗ್ಲೆಂಡಿನ ಕಲಾವಿದ.

ಹಾಸನದ ಸಾಲಗಾಮೆ ರಸ್ತೆ ಹತ್ತಿರ ನಮ್ಮದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಅಪ್ಪ ಲಗ್ನಪತ್ರಿಕೆ ಪ್ರಿಂಟ್ ಮಾಡುತ್ತಿದ್ದರು. ನಾನು ಕಾಫಿಪುಡಿ ಚೀಲ, ಟೀ ಶರ್ಟ್ ಮಾಡುತ್ತೇನೆ, ಜೊತೆಗೆ ಫ್ರೇಮ್ ಕೆಲಸ. ಬ್ಯಾಂಕ್ಸಿ ನನಗೆ ಹತ್ತಿರದವನು ಅನ್ನಿಸೋದು ಇದರಿಂದಲೇ. ಗೋಡೆ ಮೇಲೆ ಅವನದು ಅಚ್ಚು ಇಟ್ಟು ಹೊಡೆದ ಸ್ಪ್ರೇ. ಕಾಗದದ ಮೇಲೆ ಬಂದಿದ್ದು ಹೆಚ್ಚಾಗಿ ಸ್ಕ್ರೀನ್ ಪ್ರಿಂಟೇ. ನಮ್ಮ ಹಾಗೆ ಇಂಕು ಇಳಿಯೋ ಅದೇ ಮೆಶ್ ಬಟ್ಟೆ, ಇಂಕು ಎಳೆಯೋ ರಬ್ಬರ್ ಪಟ್ಟಿ ಅದೇ ಸ್ಕ್ವೀಜಿ, ಅದೇ ತೋಳುನೋವು.

ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಇಂಕ್ ಡಬ್ಬಿ ಇಟ್ಟೆ. ಚಿತ್ರದ ಹೆಸರು 'ಮೊರಾನ್ಸ್', ಅಂದರೆ ದಡ್ಡರು. ಹರಾಜು ನಡೀತಿದೆ. ಜನ ಕಿಕ್ಕಿರಿದು ಕೂತಿದ್ದಾರೆ. ಮಾರಾಟಕ್ಕಿಟ್ಟ ಚೌಕಟ್ಟಿನಲ್ಲಿ ಚಿತ್ರವೇ ಇಲ್ಲ, ಒಂದು ಸಾಲು ಮಾತ್ರ ಇದೆ: ಇಂಥ ಹೊಲಸನ್ನೂ ದುಡ್ಡು ಕೊಟ್ಟು ಕೊಳ್ತೀರಲ್ಲ ದಡ್ಡರಾ, ನಂಬೋಕೇ ಆಗ್ತಿಲ್ಲ.

ಇದರ ಹಿಂದೆ ನಿಜವಾಗಿ ನಡೆದ ಹರಾಜೊಂದಿದೆ. 1987ರ ಮಾರ್ಚ್ 30ರಂದು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ವ್ಯಾನ್ ಗೋ ಬಿಡಿಸಿದ ಸೂರ್ಯಕಾಂತಿ ಹೂಗಳ ಚಿತ್ರ ಸುಮಾರು 2.5 ಕೋಟಿ ಪೌಂಡಿಗೆ ಹೋಯಿತು. ತಮ್ಮ ಕಳಿಸುತ್ತಿದ್ದ ದುಡ್ಡಿನಲ್ಲಿ ಬಣ್ಣ ಕೊಳ್ಳುತ್ತಿದ್ದ ಮನುಷ್ಯ ಅವನು. ಆ ಹೂಗಳಿದ್ದ ಜಾಗದಲ್ಲಿ ಬ್ಯಾಂಕ್ಸಿ ಈ ಸಾಲು ಬರೆದ. 2006ರಲ್ಲಿ ಲಾಸ್ ಏಂಜಲೀಸ್‌ನ ಪ್ರದರ್ಶನದಲ್ಲಿ ಇದು ಮೊದಲು ಬಂತು. ಬರೀ ಬೈಗುಳ ಅಂತ ನನಗೆ ಅನ್ನಿಸೋದಿಲ್ಲ. ಆ ಕೋಣೆಯಲ್ಲಿ ಯಾರೂ ಚಿತ್ರ ನೋಡ್ತಿಲ್ಲ, ಎಲ್ಲರ ಗಮನ ಬೆಲೆ ಮೇಲಿದೆ. ಬ್ಯಾಂಕ್ಸಿಯ ಸಂಕಟ ಅದು.

ಭೂತಗನ್ನಡಿ ಹಿಡಿದೆ. ಸ್ಕ್ರೀನ್ ಪ್ರಿಂಟಿನಲ್ಲಿ ಕಪ್ಪು ಅಂದರೆ ಕಪ್ಪು ಇಂಕು. ಕಾಗದದ ಮೇಲೆ ದಪ್ಪಗೆ ಕೂತಿರುತ್ತೆ, ಬೆರಳಿಗೆ ಅಂಚು ಸಿಗುತ್ತೆ. ಇಲ್ಲಿ ಕಪ್ಪಿನೊಳಗೆ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ ಹರಡಿದ್ದವು. ಕಂಪ್ಯೂಟರ್ ಪ್ರಿಂಟರಿನ ಗುರುತು ಅದು. ಕೆಳಗಿನ ಸಹಿಯಲ್ಲೂ ಅದೇ ಚುಕ್ಕಿ. ಪೆನ್ಸಿಲ್ ಅಲ್ಲ, ಸಹಿಯ ಫೋಟೋ. ಕನ್ನಡಿಯನ್ನು ಹುಡುಗನ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದ. ಏನೂ ಮಾತಾಡಲಿಲ್ಲ. ನನಗೆ ಹೊಟ್ಟೆ ಉರಿಯಿತು. ಕಳಿಸಿದವರು ಈಗ ಫೋನ್ ಎತ್ತುತ್ತಿಲ್ಲವಂತೆ.

"ಸರ್ಟಿಫಿಕೇಟ್ ಇದೆಯಲ್ಲ ಅಣ್ಣಾ" ಅಂದ. ಇತ್ತು, ಬಣ್ಣದ ಜೆರಾಕ್ಸ್. ಬ್ಯಾಂಕ್ಸಿ ಕೆಲಸ ಅಸಲಿ ಹೌದೋ ಅಲ್ವೋ ಅಂತ ಹೇಳೋಕೆ ಅವನದೇ 'ಪೆಸ್ಟ್ ಕಂಟ್ರೋಲ್' ಅನ್ನೋ ಕಚೇರಿ ಇದೆ. ಅವರ ಪತ್ರದ ಜೊತೆ ರಾಜಕುಮಾರಿ ಡಯಾನಾ ಮುಖವಿರುವ 10 ಪೌಂಡಿನ ಆಟದ ನೋಟಿನ ಅರ್ಧ ಚೂರು ಬರುತ್ತೆ. ಉಳಿದರ್ಧ ಅವರ ಹತ್ತಿರ. ಹರಿದ ಅಂಚು ಕೂಡಬೇಕು.

ಆ ಪತ್ರ, ಎಷ್ಟನೇ ಪ್ರತಿ ಅನ್ನೋ ನಂಬರು, ಸಹಿ ಇದೆಯೋ ಇಲ್ಲವೋ, ಕಾಗದ ಮಾಸಿದೆಯೋ, ಬೆಲೆ ನಿಲ್ಲೋದು ಇವುಗಳ ಮೇಲೆ. 2021ರಲ್ಲಿ ಇದೇ 'ಮೊರಾನ್ಸ್'ನ ಒಂದು ಪ್ರತಿಯನ್ನು 95 ಸಾವಿರ ಡಾಲರಿಗೆ ಕೊಂಡ ಕಂಪನಿಯವರು ಅದನ್ನು ಕ್ಯಾಮೆರಾ ಮುಂದೆ ಸುಟ್ಟರು. ಅದರ ಡಿಜಿಟಲ್ ರೂಪ, ಎನ್‌ಎಫ್‌ಟಿ ಅಂತಾರಲ್ಲ, ಅದು ಸುಮಾರು 3.8 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ವಿಡಿಯೋ ನೋಡಿದಾಗ ನನಗೆ ನಿಜವಾಗಲೂ ನೋವಾಯಿತು. ಯಾರೋ ಸ್ಕ್ವೀಜಿ ಎಳೆದು, ಒಣಗಿಸಿ, ಒಂದೊಂದೇ ಎತ್ತಿಟ್ಟ ಹಾಳೆ ಅದು. ಅದೇ ಬ್ಯಾಂಕ್ಸಿ 2013ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹತ್ತಿರ ಒಬ್ಬ ಮುದುಕನನ್ನು ಕೂರಿಸಿ, ತನ್ನ ಅಸಲಿ ಕ್ಯಾನ್‌ವಾಸ್‌ಗಳನ್ನು 60 ಡಾಲರಿಗೆ ಒಂದರಂತೆ ಮಾರಿಸಿದ್ದ. ಜನ ಪಕ್ಕದಲ್ಲೇ ನಡೆದು ಹೋದರು. ಇಡೀ ದಿನಕ್ಕೆ ಆದ ವ್ಯಾಪಾರ 420 ಡಾಲರ್.

ಸಹಿಯ ಮಾತು ಬಂದಾಗ ಬೇಲೂರು ನೆನಪಾಯಿತು. ಅಲ್ಲಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಆ ಹೆಸರು ಓದದೆಯೇ ಜನ ಕತ್ತೆತ್ತಿ ನೋಡ್ತಾ ನಿಲ್ಲುತ್ತಾರೆ, ಅಲ್ವಾ? ಹುಡುಗನಿಗೂ ಅದನ್ನೇ ಹೇಳಿದೆ. ಅವನು ಕಾಲೇಜಿನಿಂದ ಈ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ತಿರುಗಿದವನು. ಇಷ್ಟಪಟ್ಟಿದ್ದು ಸುಳ್ಳಲ್ಲವಲ್ಲ.

"ಹಾಗಾದ್ರೆ ಫ್ರೇಮ್ ಹಾಕೋದಾ?" ಅಂದ.

ಹಾಕೋಣ ಅಂದೆ. ಸಾದಾ ಕಪ್ಪು ಬೀಡಿಂಗ್, ಮಾಮೂಲಿ ಗಾಜು, 850 ರೂಪಾಯಿ. ಹಿಂದೆ ರಟ್ಟು ಮುಚ್ಚೋ ಮುಂಚೆ ಅವನನ್ನೇ ಕೇಳಿ, ಹಾಳೆಯ ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ ಬರೆದೆ: ಡಿಜಿಟಲ್ ಪ್ರಿಂಟ್, ಅಸಲಿ ಅಲ್ಲ, ಹಾಸನ. ಕೆಳಗೆ ತಾರೀಖು ಹಾಕಿದೆ. ನಾಳೆ ಇದು ಇನ್ನೊಬ್ಬರ ಕೈಗೆ ಹೋದರೆ ಅವರು ಮೋಸಹೋಗಬಾರದು.